ಕಡಿಮೆ ಬೆಲೆಯ .32 ಪಿಸ್ತೂಲು: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಲೈಸೆನ್ಸುದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಲೈಸೆನ್ಸು ಕೈಗೆ ಬಂದಿದೆ, ಅಂಗಡಿಗೆ ಹೋಗಬೇಕು, ಏನು ನೋಡಬೇಕು ಎಂಬುದು ಗೊತ್ತಿಲ್ಲ. ಅಂಥವರಿಗಾಗಿ ಈ ಪುಟ. ರೇಂಜಿನಲ್ಲಿ ಅಭ್ಯಾಸ ಮಾಡಲು, ಮನೆಯಲ್ಲಿ ರಕ್ಷಣೆಗೆ ಇಟ್ಟುಕೊಳ್ಳಲು ಒಂದೇ ಪಿಸ್ತೂಲು ಸಾಕೆಂದುಕೊಂಡವರನ್ನು ಮನಸ್ಸಿನಲ್ಲಿಟ್ಟು ಉತ್ತರಿಸಿದ್ದೇವೆ.

ಕಡಿಮೆ ರೇಟಿನ ಪಿಸ್ತೂಲು ಅಂದ್ರ ನಮ್ಮ ಕಡೆ ಯಾವ್ದು ಸಿಗತೈತ್ರಿ?

ಸಾಮಾನ್ಯ ಲೈಸೆನ್ಸಿನ ಮೇಲೆ ಸಿಗುವ ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಎಂದರೆ ಬಹುಮಟ್ಟಿಗೆ .32 ಎಸಿಪಿ, ಅಂದರೆ 7.65 ಮಿ.ಮೀ. ಒಂದೇ. 9 ಮಿ.ಮೀ. ನಮ್ಮ ದೇಶದಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಲೈಸೆನ್ಸಿಗೆ ಸಿಗದ ಅಳತೆ. ಯೂಟ್ಯೂಬಿನಲ್ಲಿ ಅಮೆರಿಕದವರು ಹೊಗಳುವ 9 ಮಿ.ಮೀ. ಪಿಸ್ತೂಲುಗಳ ಹೋಲಿಕೆ ನೋಡುತ್ತ ಕೂತರೆ ಹೊತ್ತು ಹೋದೀತು, ಉಪಯೋಗವಿಲ್ಲ.

ಜನಸಾಮಾನ್ಯರು ಹೊರದೇಶದಿಂದ ಪಿಸ್ತೂಲು ತರಿಸುವುದು 1980ರ ದಶಕದ ನಡುವಿನಲ್ಲೇ ನಿಂತಿತು. ಅದಕ್ಕೂ ಮೊದಲು ಬಂದ ವಾಲ್ಥರ್, ಬ್ರೌನಿಂಗ್‌ಗಳು ಇಂದಿಗೂ ಕೈಯಿಂದ ಕೈಗೆ ಲಕ್ಷಗಟ್ಟಲೆ ಬೆಲೆಗೆ ಹೋಗುತ್ತಿವೆ. ಕಡಿಮೆ ಬೆಲೆಗೆ ಉಳಿದದ್ದು ದೇಶದಲ್ಲೇ ತಯಾರಾದ .32. ಅವುಗಳಲ್ಲಿ ಹೆಚ್ಚು ಜನರಿಗೆ ಗೊತ್ತಿರುವ ಹೆಸರು ಸರ್ಕಾರಿ ಕಾರ್ಖಾನೆಯ ಅಶನಿ. ಆರ್ಡನೆನ್ಸ್ ಫ್ಯಾಕ್ಟರಿ ಬೋರ್ಡ್ 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ಒಡೆಯಿತು. ಪಿಸ್ತೂಲು, ರಿವಾಲ್ವರ್‌ಗಳು ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಪಾಲಿಗೆ ಬಂದವು, ಕಾಡತೂಸುಗಳು ಪುಣೆಯ ಮ್ಯುನಿಷನ್ಸ್ ಇಂಡಿಯಾ ಪಾಲಿಗೆ. ಹೀಗಾಗಿ ಹಳೆಯ ಮಾಲಿನ ಮೇಲೆ ಒಂದು ಹೆಸರು, ಹೊಸದರ ಬಿಲ್ಲಿನಲ್ಲಿ ಇನ್ನೊಂದು ಹೆಸರು ಕಂಡರೆ ಗಾಬರಿ ಬೇಡ. ಲೈಸೆನ್ಸ್ ಪಡೆದ ಖಾಸಗಿ ತಯಾರಕರ .32 ಕೂಡ ಅಂಗಡಿಗಳಲ್ಲಿ ಸಿಗುತ್ತವೆ. ಹೆಸರು ಯಾವುದೇ ಇರಲಿ, ಕೆಳಗಿನ ಪರೀಕ್ಷೆ ಎಲ್ಲಕ್ಕೂ ಒಂದೇ.

ಒಟ್ಟು ಖರ್ಚು ಎಷ್ಟಾಗುತ್ತದೆ?

ಕಾರ್ಖಾನೆಯ ಬೆಲೆ ಕೇಳಿ ಅಷ್ಟೇ ದುಡ್ಡು ಹೊಂದಿಸಿಕೊಂಡು ಹೋಗಬೇಡಿ. ಪಿಸ್ತೂಲು, ರಿವಾಲ್ವರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28 ಇದ್ದದ್ದು ಶೇ. 40 ಆಗಿದೆ. ಮೂಲ ಬೆಲೆಯ ಪ್ರತಿ ಒಂದು ಲಕ್ಷಕ್ಕೆ ತೆರಿಗೆಯೇ 40,000. ಹಳೆಯ ರೇಟು ಹೇಳುವ ಮಿತ್ರರ ಲೆಕ್ಕ ಈಗ ಹೊಂದುವುದಿಲ್ಲ.

ಇದರ ಮೇಲೆ ಒಂದು ಹೆಚ್ಚುವರಿ ಮ್ಯಾಗಜಿನ್ (ಹಿಡಿಯೊಳಗೆ ಕೂರುವ, ಗುಂಡು ತುಂಬುವ ಡಬ್ಬಿ), ಗೋಡೆಗೆ ಬೋಲ್ಟ್ ಹಾಕಿ ಕೂರಿಸುವ ಲಾಕರ್, ಕಿವಿಯ ಮಫ್, ಕಣ್ಣಿಗೆ ಪಾಲಿಕಾರ್ಬೊನೇಟ್ ಕನ್ನಡಕ, ಕ್ಲೀನಿಂಗ್ ರಾಡ್, ಐದಾರು ಡಮ್ಮಿ ರೌಂಡು (ಮದ್ದಿಲ್ಲದ, ಹಾರದ ಕಾಡತೂಸು) ಬೇಕು. ಎಲ್ಲಕ್ಕಿಂತ ದೊಡ್ಡ ಬಾಬತ್ತು ಕಾಡತೂಸು. ಪಿಸ್ತೂಲಿಗೆ ಕೂಡಿಟ್ಟದ್ದನ್ನೆಲ್ಲ ಪಿಸ್ತೂಲಿಗೇ ಸುರಿದು, ಅಭ್ಯಾಸಕ್ಕೆ ಗುಂಡಿಲ್ಲದೆ ಕಪಾಟಿನಲ್ಲಿ ಇಟ್ಟವರು ನಮ್ಮ ಭಾಗದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಮ್ಮನ್ನು ಕೇಳಿದರೆ, ಗಟ್ಟಿಯಾಗಿ ಓಡುವ ಸಾದಾ ಪಿಸ್ತೂಲು ಮತ್ತು ನೂರು ಕಾಡತೂಸು, ನುಣುಪು ಫಿನಿಶಿಂಗ್‌ನ ದುಬಾರಿ ಪಿಸ್ತೂಲು ಮತ್ತು ಹತ್ತು ಕಾಡತೂಸಿಗಿಂತ ಎಷ್ಟೋ ಮೇಲು.

.32 ರಕ್ಷಣೆಗೆ ಸಾಕಾಗುತ್ತದೆಯೇ?

ಸಣ್ಣ ಗುಂಡು ಅದು, ಸುಳ್ಳು ಹೇಳಿ ಪ್ರಯೋಜನವಿಲ್ಲ. ಗುಂಡಿನ ತೂಕ 4.6 ಗ್ರಾಂ ಆಸುಪಾಸು, ವೇಗ ಸೆಕೆಂಡಿಗೆ ಸುಮಾರು 275ರಿಂದ 300 ಮೀಟರ್, ಶಕ್ತಿ 170-200 ಜೂಲ್. 9 ಮಿ.ಮೀ.ನದು ಇದರ ಎರಡೂವರೆ ಪಟ್ಟು. ಆದರೆ .32ರ ಒದೆತ ಕಡಿಮೆ. ಹೊಸಬರೂ ಎರಡನೆಯ ಗುಂಡನ್ನು ಮೊದಲನೆಯದರ ಹತ್ತಿರವೇ ಇಡಬಲ್ಲರು. ನಮಗಿರುವ ಆಯ್ಕೆಯೂ ಇದೊಂದೇ ಆದ್ದರಿಂದ ಚರ್ಚೆಯನ್ನು ಇಲ್ಲಿಗೇ ಬಿಟ್ಟು ಗುರಿಯ ಮೇಲೆ ಗಮನ ಕೊಡುವುದು ಒಳ್ಳೆಯದು.

ಸಣ್ಣದೆಂದು ಉಡಾಫೆಯೂ ಸಲ್ಲದು. ತಗಡು, ಪ್ಲೈವುಡ್ ಬಾಗಿಲು, ತೆಳು ಪಾರ್ಟಿಶನ್‌ಗಳನ್ನು ಪೂರ್ತಿ ಲೋಹದ ಹೊದಿಕೆಯ .32 ಗುಂಡು ದಾಟಿಹೋಗುತ್ತದೆ. ಹಳೇ ಹುಬ್ಬಳ್ಳಿಯ ಒತ್ತೊತ್ತಾದ ಓಣಿಯಲ್ಲಿ ಪಡಸಾಲೆಯ ತಗಡಿನ ಆಚೆ ಪಕ್ಕದ ಮನೆಯವರು ಮಲಗಿರುತ್ತಾರೆ. ಮನೆಯ ಯಾವ ಮೂಲೆಯಿಂದ ಯಾವ ದಿಕ್ಕಿಗೆ ಗುಂಡು ಹಾರಿಸಲೇಬಾರದು ಎಂಬುದನ್ನು ಹಗಲಲ್ಲೇ ನೋಡಿ ಗೊತ್ತುಮಾಡಿಕೊಂಡಿರಬೇಕು.

ರಿವಾಲ್ವರ್ ತಗೊಳ್ಳೋದೋ, ಪಿಸ್ತೂಲೋ?

ತಿಂಗಳಿಗೊಮ್ಮೆಯೂ ಕೈಗೆ ತೆಗೆದುಕೊಳ್ಳದವರಿಗೆ ರಿವಾಲ್ವರ್. ಗುಂಡು ಹಾರದಿದ್ದರೆ ಟ್ರಿಗರ್ ಇನ್ನೊಮ್ಮೆ ಒತ್ತಿದರೆ ಮುಂದಿನ ಗುಂಡು ಬರುತ್ತದೆ, ಅಷ್ಟೇ ಕಲಿಯಬೇಕಾದ್ದು. ಪಿಸ್ತೂಲು ಚಪ್ಪಟೆ, ಬೇಗ ತುಂಬಬಹುದು, ಟ್ರಿಗರ್ ಹಗುರ. ಆದರೆ ಸಿಕ್ಕಿಹಾಕಿಕೊಂಡಾಗ ಬಿಡಿಸುವುದು ಕೈಗೆ ರೂಢಿಯಾಗಿರಬೇಕು. ಒಂದು ಎಚ್ಚರಿಕೆ: .32 ರಿವಾಲ್ವರಿನ ಕಾಡತೂಸು .32 ಎಸ್ ಅಂಡ್ ಡಬ್ಲ್ಯು ಲಾಂಗ್, ಪಿಸ್ತೂಲಿನದು .32 ಎಸಿಪಿ. ಎರಡಕ್ಕೂ ಜನ ".32" ಎಂದೇ ಅನ್ನುತ್ತಾರೆ, ಆದರೆ ಒಂದರದು ಇನ್ನೊಂದಕ್ಕೆ ಬಳಸುವಂತಿಲ್ಲ. ಅಂಗಡಿಯಲ್ಲಿ ಡಬ್ಬಿಯ ಮೇಲಿನ ಪೂರ್ತಿ ಹೆಸರು ಓದಿ.

ಅಂಗಡಿಯಲ್ಲಿ ಪಿಸ್ತೂಲು ಕೈಗೆ ಕೊಟ್ಟಾಗ ಏನೇನು ನೋಡಬೇಕು?

ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದಕ್ಕೆಳೆದು ಚೇಂಬರಿನೊಳಗೆ (ಬ್ಯಾರಲಿನ ಹಿಂಬದಿಯಲ್ಲಿ ಗುಂಡು ಕೂರುವ ಜಾಗ) ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿ ನೋಡಿ. ಕ್ರಮ ತಪ್ಪಬಾರದು. ಮ್ಯಾಗಜಿನ್ ಒಳಗಿಟ್ಟು ಸ್ಲೈಡ್ ಎಳೆದು ಬಿಟ್ಟರೆ ಚೇಂಬರ್ ಖಾಲಿಯಾಗುವ ಬದಲು ಮೇಲಿನ ಗುಂಡು ಒಳಗೆ ಹೋಗುತ್ತದೆ. ಖಾಲಿ ಇದೆ ಎಂದು ಅಂಗಡಿಯವರು ಹೇಳಿದ್ದರೂ ನೀವೇ ನೋಡಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಆಮೇಲೆ ನಂಬರ್. ಚೌಕಟ್ಟಿನ ಮೇಲಿನ ನಂಬರು, ಬಿಲ್ಲಿನ ನಂಬರು, ಲೈಸೆನ್ಸಿನಲ್ಲಿ ಏರಿಸುವ ನಂಬರು ಒಂದೇ ಇರಬೇಕು. ಒಂದು ಅಂಕಿ ತಪ್ಪಿದರೂ ಮುಂದೆ ರಿನ್ಯೂವಲ್ ಹೊತ್ತಿಗೆ ಅಲೆದಾಟ ತಪ್ಪುವುದಿಲ್ಲ.

ಸ್ಲೈಡನ್ನು ನಿಧಾನಕ್ಕೆ ಎಳೆದು, ನಿಧಾನಕ್ಕೆ ಬಿಡಿ. ನಡುವೆ ಎಲ್ಲಾದರೂ ಗರಗರ ಎನ್ನುತ್ತದೆಯೇ, ಕೊನೆಯ ಎರಡು ಮಿ.ಮೀ. ಮುಚ್ಚದೆ ನಿಲ್ಲುತ್ತದೆಯೇ ಗಮನಿಸಿ. ಈ ಪಿಸ್ತೂಲುಗಳು ಬ್ಲೋಬ್ಯಾಕ್ ಜಾತಿಯವು: ಬ್ಯಾರಲನ್ನು ಬಿಗಿಹಿಡಿಯುವ ಕೊಂಡಿ ಇಲ್ಲ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್ ಎರಡೇ ಒತ್ತಡವನ್ನು ತಡೆಯುವುದು. ಅದಕ್ಕೇ ಸ್ಪ್ರಿಂಗ್ ಬಿರುಸು. ಮನೆಯಲ್ಲಿ ಇನ್ನೊಬ್ಬ ಲೈಸೆನ್ಸುದಾರರೂ ಬಳಸುವುದಿದ್ದರೆ ಅವರ ಕೈಯಲ್ಲೂ ಎಳೆಸಿ ನೋಡಿ. ಎಳೆಯಲಾಗದವರಿಗೆ ಅದು ಎಷ್ಟು ಅಗ್ಗವಿದ್ದರೇನು?

ಸೇಫ್ಟಿ ಪರೀಕ್ಷೆಗೆ ಡಮ್ಮಿ ರೌಂಡ್ ಹಾಕಿಕೊಳ್ಳಿ. ಸೇಫ್ಟಿ ಹಾಕಿ ಟ್ರಿಗರನ್ನು ಗಟ್ಟಿಯಾಗಿ ಒತ್ತಿ, ಬಿಡಿ, ಈಗ ಸೇಫ್ಟಿ ತೆಗೆಯಿರಿ. ತೆಗೆದ ಕೂಡಲೇ ಟಕ್ ಎಂದರೆ ಆ ಪಿಸ್ತೂಲು ಬೇಡ. ಮುಂದೆ, ಟ್ರಿಗರ್ ಒತ್ತಿ ಹಿಡಿದುಕೊಂಡೇ ಸ್ಲೈಡನ್ನು ಪೂರ್ತಿ ಎಳೆದು ಬಿಡಿ. ಬೆರಳು ಸಡಿಲಿಸಿ ಮತ್ತೆ ಒತ್ತಿದಾಗ ಮಾತ್ರ ಹೊಡೆಯಬೇಕು. ತಾನಾಗಿ ಹೊಡೆದರೆ, ಒಂದು ಒತ್ತಿಗೆ ಒಂದೇ ಗುಂಡು ಬಿಡುವ ಡಿಸ್‌ಕನೆಕ್ಟರ್ ಕೆಟ್ಟಿದೆ, ರೇಂಜಿನಲ್ಲಿ ಒಂದು ಒತ್ತಿಗೆ ಎರಡು ಮೂರು ಗುಂಡು ಹಾರುತ್ತವೆ. ಸ್ಲೈಡನ್ನು ಐದಾರು ಮಿ.ಮೀ. ಹಿಂದೆ ಹಿಡಿದು ಟ್ರಿಗರ್ ಒತ್ತಿ ನೋಡಿ, ಆಗಲೂ ಹೊಡೆಯಬಾರದು. ಕೆಲವು ಮಾದರಿಗಳಲ್ಲಿ ಮ್ಯಾಗಜಿನ್ ಇಲ್ಲದಿದ್ದರೆ ಟ್ರಿಗರ್ ಕೆಲಸವೇ ಮಾಡುವುದಿಲ್ಲ. ಅದು ದೋಷವಲ್ಲ, ಖಾಲಿ ಮ್ಯಾಗಜಿನ್ ಹಾಕಿ ಪರೀಕ್ಷಿಸಿ.

ಎಕ್ಸ್‌ಟ್ರಾಕ್ಟರಿನ ವಿಷಯದಲ್ಲಿ, ಅಂದರೆ ಚೇಂಬರಿನಿಂದ ಕೇಸನ್ನು ಎಳೆಯುವ ಕೊಕ್ಕೆಯ ವಿಷಯದಲ್ಲಿ, ಬಹಳ ಜನ ಮೋಸಹೋಗುತ್ತಾರೆ. ಬ್ಲೋಬ್ಯಾಕ್ ಪಿಸ್ತೂಲಿನಲ್ಲಿ ಗುಂಡು ಹಾರಿದಾಗ ಖಾಲಿ ಕೇಸನ್ನು ಹಿಂದಕ್ಕೆ ತಳ್ಳುವುದು ಅನಿಲದ ಒತ್ತಡ. ಎಕ್ಸ್‌ಟ್ರಾಕ್ಟರ್ ಮುರಿದಿದ್ದರೂ ರೇಂಜಿನಲ್ಲಿ ಚೆನ್ನಾಗಿ ಓಡಿದಂತೆ ಕಾಣಬಹುದು. ಆದರೆ ಹಾರದೇ ಉಳಿದ ಗುಂಡನ್ನು ಕೈಯಿಂದ ತೆಗೆಯುವಾಗ ಅದು ಚೇಂಬರಿನಲ್ಲೇ ಕೂತುಬಿಡುತ್ತದೆ. ಅದಕ್ಕೆ ಐದು ಡಮ್ಮಿ ರೌಂಡು ತುಂಬಿ ಕೈಯಿಂದಲೇ ಒಂದೊಂದಾಗಿ ಹೊರಹಾಕಿಸಿ. ಐದೂ ಹೊರಗೆ ಬೀಳಬೇಕು.

ಕೊನೆಗೆ ಬ್ಯಾರಲ್. ಪಿಸ್ತೂಲು ಬಿಚ್ಚಿಸಿ, ಹಿಂಬದಿಯಿಂದ ಬೆಳಕಿಗೆ ಹಿಡಿದು ನೋಡಿ. ರೈಫ್ಲಿಂಗ್ ಗೆರೆಗಳ ಅಂಚು ಚೂಪಾಗಿರಬೇಕು. ಉಂಗುರದಂಥ ಕಪ್ಪು ನೆರಳು ಕಂಡರೆ ಒಳಗೆ ಉಬ್ಬಿದೆ ಎಂದರ್ಥ. ಹೊಸದರಲ್ಲಿ ಇದು ಅಪರೂಪ, ಹಳೆಯದರಲ್ಲಿ ಮೊದಲು ನೋಡಬೇಕಾದ್ದೇ ಇದು.

ಮೇಲ್ಮೈ ಮೇಲಿನ ಟೂಲ್ ಗುರುತು, ಬಣ್ಣದ ಏರುಪೇರು, ಗ್ರಿಪ್ಪಿನ ಒರಟುತನ ಅಗ್ಗದ ಪಿಸ್ತೂಲಿನಲ್ಲಿ ಇದ್ದದ್ದೇ. ಅದಕ್ಕೆ ಬೇಸರ ಬೇಡ. ಆದರೆ ಮ್ಯಾಗಜಿನ್ ಬಾಯಿಯ ಮೇಲೆ, ಚೇಂಬರಿಗೆ ಗುಂಡು ಏರುವ ಇಳಿಜಾರಿನ ಮೇಲೆ ಮುಳ್ಳಿನಂಥ ಅಂಚಿದ್ದರೆ ಬೇರೆ ನಗ ತೋರಿಸಲು ಕೇಳಿ.

ಮ್ಯಾಗಜಿನ್ ಬಗ್ಗೆ ಯಾಕಿಷ್ಟು ಒತ್ತು?

ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನ ತಕರಾರಿನಲ್ಲಿ ದೊಡ್ಡ ಪಾಲು ಮ್ಯಾಗಜಿನ್ನಿನದೇ. .32 ಎಸಿಪಿಯಲ್ಲಿ ಇನ್ನೊಂದು ತೊಡಕೂ ಇದೆ. ಈ ಕಾಡತೂಸನ್ನು ಜಾನ್ ಬ್ರೌನಿಂಗ್ 1899ರ ಹೊತ್ತಿಗೆ ರೂಪಿಸಿದಾಗ ಕೇಸಿನ ತಳಕ್ಕೆ ಸಣ್ಣ ಅಂಚು ಬಿಟ್ಟರು. ಮ್ಯಾಗಜಿನ್ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಮುಂದೆ ಇರಬೇಕು. ಹಿಂದೆ ಸರಿದರೆ ಎರಡೂ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ, ಸ್ಲೈಡ್ ಎಷ್ಟು ತಳ್ಳಿದರೂ ಮೇಲಿನದು ಮುಂದೆ ಹೋಗುವುದಿಲ್ಲ. ಉಳಿದ ಅಡಚಣೆಗಳಲ್ಲಿ ಹೆಚ್ಚಿನವು ಸ್ಲೈಡ್ ಎಳೆದರೆ ಬಿಡುತ್ತವೆ, ಇದು ಬಿಡುವುದಿಲ್ಲ. ಮ್ಯಾಗಜಿನ್ ತೆಗೆದು ಗುಂಡುಗಳನ್ನು ಕೈಯಿಂದ ಬಿಡಿಸಬೇಕು.

ತಪ್ಪಿಸುವುದು ಸುಲಭ. ಪ್ರತಿ ಗುಂಡನ್ನೂ ಮುಂದಿನಿಂದ ಹಿಂದಕ್ಕೆ ಜಾರಿಸಿ ತುಂಬಿ, ಕಣ್ಣಿಂದ ಅಂಚುಗಳನ್ನು ನೋಡಿ. ತುಂಬಿದ ಮ್ಯಾಗಜಿನ್ನನ್ನು ಜೇಬಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಕುಲುಕಾಡಿಸಿಕೊಂಡು ಓಡಾಡಬೇಡಿ. ಪೂರ್ತಿ ಉದ್ದ ಸುಮಾರು 25 ಮಿ.ಮೀ. ಇರುವ ದುಂಡು ಮೂತಿಯ ಕಾಡತೂಸನ್ನೇ ಬಳಸಿ. ಅದಕ್ಕಿಂತ ಗಿಡ್ಡವಾದರೆ ಮ್ಯಾಗಜಿನ್ನಿನಲ್ಲಿ ಮುಂದೆ ಹಿಂದೆ ಸರಿದಾಡಲು ಜಾಗ ಸಿಗುತ್ತದೆ, ಕೊಕ್ಕೆ ಬೀಳುವುದು ಆಗಲೇ.

ಕೊಳ್ಳುವಾಗ ಮ್ಯಾಗಜಿನ್ ಪೂರ್ತಿ ತುಂಬಿ, ಸ್ಲೈಡ್ ಮುಚ್ಚಿದ್ದಾಗಲೇ ಒಳಗೆ ಹಾಕಿಸಿ ನೋಡಿ (ಡಮ್ಮಿ ರೌಂಡಿನಿಂದಲೇ). ಕೆಲವು ಪೂರ್ತಿ ತುಂಬಿದಾಗ ಕೂರುವುದಿಲ್ಲ. ಕೂತಂತೆ ಕಂಡು ಮೊದಲ ಗುಂಡಿಗೇ ಜಾರಿಬೀಳುತ್ತವೆ. ಎರಡೂ ಮ್ಯಾಗಜಿನ್ನಿನ ತಳಕ್ಕೆ ಬಣ್ಣದಿಂದ 1, 2 ಎಂದು ಬರೆಯಿರಿ. ತಕರಾರು ಬಂದಾಗ ಯಾವುದರದು ಎಂದು ಗೊತ್ತಾಗಬೇಕು.

ಎಷ್ಟ ಗುಂಡು ಹೊಡೆದ ನೋಡಿದ್ರ ಪಿಸ್ತೂಲು ನಂಬಬಹುದ್ರಿ?

ನೂರು ಹೊಡೆಯಲು ಆಗುವುದಾದರೆ ನೂರು. ಲೈಸೆನ್ಸಿನಲ್ಲಿ ಬರೆದ ವಾರ್ಷಿಕ ಮಿತಿ ಕಡಿಮೆ ಇದ್ದರೆ ಐವತ್ತು. ಅದಕ್ಕಿಂತ ಕಡಿಮೆ ಹೊಡೆದು ಗ್ಯಾರಂಟಿ ಹೇಳುವುದು ಬರೀ ಧೈರ್ಯದ ಮಾತು.

ಲೆಕ್ಕ ಹೀಗಿದೆ. ಒಂದೂ ತಕರಾರಿಲ್ಲದೆ ಐವತ್ತು ಗುಂಡು ಹಾರಿದವು ಎನ್ನಿ. ಅಷ್ಟರಿಂದ ಶೇ. 95ರ ಭರವಸೆಯಲ್ಲಿ ಹೇಳಬಹುದಾದದ್ದು, ಈ ಪಿಸ್ತೂಲಿನ ತಕರಾರಿನ ಪ್ರಮಾಣ ಶೇ. 6ಕ್ಕಿಂತ ಕಡಿಮೆ ಎಂಬುದಷ್ಟೇ. ಮೂರನ್ನು ಗುಂಡಿನ ಸಂಖ್ಯೆಯಿಂದ ಭಾಗಿಸಿ ಬರುವ ಸರಳ ಲೆಕ್ಕ ಇದು. ನೂರು ಹಾರಿದರೆ ಶೇ. 3. ಹತ್ತು ಗುಂಡು ಹೊಡೆದು "ಮಸ್ತ್ ಐತಿ" ಅಂದರೆ ಮೂರರಲ್ಲೊಂದು ಕೆಡುವ ಪಿಸ್ತೂಲು ಮಾತ್ರ ಅದಲ್ಲ ಎಂದು ಗೊತ್ತಾದಂತೆ, ಅಷ್ಟೇ.

ಹೊಡೆಯುವ ಕ್ರಮ: ಕಾರ್ಖಾನೆಯ ಗ್ರೀಸನ್ನು ಪೂರ್ತಿ ಒರೆಸಿ, ಹೊಸ ಎಣ್ಣೆ ಹನಿ ಹಾಕಿ ಶುರುಮಾಡಿ. ಮೊದಲ ಎರಡು ಬಾರಿ ಮ್ಯಾಗಜಿನ್ನಿನಲ್ಲಿ ಒಂದೇ ಗುಂಡು. ಆಮೇಲೆ ಎರಡೆರಡು, ಒಂದು ಒತ್ತಿಗೆ ಒಂದೇ ಹಾರುತ್ತದೆಯೇ ಎಂದು ನೋಡಲು. ಅನಂತರ ಪೂರ್ತಿ ಮ್ಯಾಗಜಿನ್. ನೂರರಲ್ಲಿ 60 ಮೊದಲ ಮ್ಯಾಗಜಿನ್ನಿನಿಂದ, 40 ಎರಡನೆಯದರಿಂದ. ಕೊನೆಯ ಇಪ್ಪತ್ತನ್ನು ನಡುವೆ ಕ್ಲೀನ್ ಮಾಡದೆ, ಒಂದೊಂದು ಕೈಯಿಂದಲೂ ಹೊಡೆಯಿರಿ. ಮಣಿಕಟ್ಟು ಸಡಿಲವಾದಾಗ ಏನಾಗುತ್ತದೆ ಎಂಬುದೂ ತಿಳಿಯುತ್ತದೆ. ಪ್ರತಿ ತಕರಾರನ್ನೂ ಬರೆದಿಡಿ: ಎಷ್ಟನೆಯ ಗುಂಡು, ಯಾವ ಮ್ಯಾಗಜಿನ್, ಕಾಡತೂಸಿನ ಲಾಟ್ ನಂಬರ್ ಯಾವುದು.

ಮೊದಲ ಐವತ್ತರಲ್ಲಿ ಒಂದೆರಡು ಸಲ ಸಿಕ್ಕಿಕೊಂಡು, ಮುಂದಿನ ಐವತ್ತರಲ್ಲಿ ಒಂದೂ ಇಲ್ಲವಾದರೆ ಹೊಸ ಪಿಸ್ತೂಲು ಪಳಗಿತು ಎನ್ನಬಹುದು. ಎರಡನೆಯ ಐವತ್ತರಲ್ಲೂ ಸಿಕ್ಕಿಕೊಂಡರೆ ರೇಂಜಿಗೆ ಆದೀತು, ರಕ್ಷಣೆಗೆ ಬೇಡ. ವಾರಂಟಿಯಲ್ಲಿದ್ದರೆ ಅಂಗಡಿಯ ಮೂಲಕ ವಾಪಸ್ ಕಳಿಸಿ. ನಿಮ್ಮ ಕೈಬರಹದ ಆ ಪಟ್ಟಿ ಆಗ ಕೆಲಸಕ್ಕೆ ಬರುತ್ತದೆ.

ಗುರಿ ಎಷ್ಟು ನಿಖರ ಇರಬೇಕು?

ಹತ್ತು ಮೀಟರಿನಲ್ಲಿ ಕುರ್ಚಿಯ ಮೇಲೆ ಕೂತು, ಮಣಿಕಟ್ಟಿನ ಕೆಳಗೆ ಮರಳಿನ ಚೀಲ ಇಟ್ಟು, ಐದೈದು ಗುಂಡಿನ ಮೂರು ಗುಂಪು ಹೊಡೆಯಿರಿ. ಗುಂಪು 8 ಸೆಂ.ಮೀ. ಒಳಗಿದ್ದರೆ ಈ ಬೆಲೆಗೆ ಸಾಕು. ಗುಂಪು ಚಿಕ್ಕದಿದ್ದು ಒಂದೇ ಬದಿಗೆ ಬೀಳುತ್ತಿದ್ದರೆ ತಪ್ಪು ಸೈಟಿನದು. ಎಲ್ಲ ಕಡೆ ಚೆಲ್ಲಾಪಿಲ್ಲಿಯಾದರೆ ಮೊದಲು ಇನ್ನೊಬ್ಬ ಅನುಭವಿಯ ಕೈಯಲ್ಲಿ ಹೊಡೆಸಿ, ಆಮೇಲೆ ಪಿಸ್ತೂಲನ್ನು ಬೈಯಿರಿ. ಬಲಗೈಯವರ ಗುಂಡು ಎಡಕ್ಕೆ ಕೆಳಗೆ ಬೀಳುವುದು ಹತ್ತಕ್ಕೆ ಒಂಬತ್ತು ಪಾಲು ಟ್ರಿಗರನ್ನು ಗಕ್ಕನೆ ಜಗ್ಗುವುದರಿಂದ.

ಹಿಂದಿನ ಸೈಟ್ ಸರಿಸುವ ಮಾದರಿಯಾದರೆ ಎಷ್ಟು ಸರಿಸಬೇಕೆಂಬುದಕ್ಕೆ ಲೆಕ್ಕವಿದೆ: ತಪ್ಪಿದ ದೂರವನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ಸೈಟುಗಳ ಅಂತರ 120 ಮಿ.ಮೀ., ಗುರಿ 10 ಮೀಟರ್, ಗುಂಡು 50 ಮಿ.ಮೀ. ಎಡಕ್ಕೆ ಬಿದ್ದರೆ ಹಿಂದಿನ ಸೈಟನ್ನು ಬಲಕ್ಕೆ 0.6 ಮಿ.ಮೀ. ಸರಿಸಬೇಕು. ಗುಂಡು ಎತ್ತ ಹೋಗಬೇಕೋ ಹಿಂದಿನ ಸೈಟೂ ಅತ್ತ. ಸುತ್ತಿಗೆ ಹಿಡಿದು ಮನೆಯಲ್ಲಿ ಬಡಿಯಬೇಡಿ, ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಅದಕ್ಕೆ ತಕ್ಕ ಸಲಕರಣೆ ಇರುತ್ತದೆ.

ಓಡುವಾಗ ಏನೇನು ಕೆಡುತ್ತದೆ? ಯಾಕೆ?

ಖಾಲಿ ಕೇಸು ಸ್ಲೈಡಿನ ಬಾಯಲ್ಲಿ ನೆಟ್ಟಗೆ ನಿಂತರೆ, ಸ್ಲೈಡ್ ಪೂರ್ತಿ ಹಿಂದೆ ಹೋಗಿಲ್ಲ. ಕಾರಣ ಸಡಿಲ ಮಣಿಕಟ್ಟು, ಎಣ್ಣೆ ಇಲ್ಲದ ಜಾರುಗಾಲುವೆ (ಸ್ಲೈಡ್ ಜಾರುವ ತೋಡು), ಇಲ್ಲವೇ ಶಕ್ತಿ ಕುಂದಿದ ಹಳೆಯ ಕಾಡತೂಸು. ಈ ಮೂರನ್ನೂ ಇದೇ ಕ್ರಮದಲ್ಲಿ ಪರೀಕ್ಷಿಸಿ. ಗುಂಡಿನ ಮೂತಿ ಇಳಿಜಾರಿಗೆ ತಗುಲಿ ನಿಂತರೆ ಮ್ಯಾಗಜಿನ್ನಿನ ತುಟಿ ಅಥವಾ ಸ್ಪ್ರಿಂಗ್ ನೋಡಿ. ಸ್ಲೈಡ್ ಕೂದಲೆಳೆಯಷ್ಟು ತೆರೆದೇ ಉಳಿದರೆ ಚೇಂಬರ್ ಕೊಳೆ.

ಟಕ್ ಎಂದು ಹೊಡೆದೂ ಗುಂಡು ಹಾರದಿದ್ದರೆ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡು ಕಾಯಿರಿ, ತಡವಾಗಿ ಹಾರುವ ಗುಂಡೂ ಇರುತ್ತದೆ. ಆಮೇಲೆ ಹೊರತೆಗೆದು ಪ್ರೈಮರ್ (ಕೇಸಿನ ತಳದಲ್ಲಿ ಕಿಡಿ ಹೊತ್ತಿಸುವ ಸಣ್ಣ ಬಟ್ಟಲು) ನೋಡಿ. ಗುಳಿ ಆಳವಾಗಿದ್ದರೆ ದೋಷ ಕಾಡತೂಸಿನದು, ಮೇಲುಮೇಲೆ ಇದ್ದರೆ ಪಿಸ್ತೂಲಿನದು. ಪ್ರೈಮರಿಗೆ ಬಡಿಯುವ ಮೊಳೆಯ ದಾರಿಯಲ್ಲಿ ಗಟ್ಟಿಯಾದ ಗ್ರೀಸ್, ಇಲ್ಲವೇ ಸೋತ ಸ್ಪ್ರಿಂಗ್.

ಎಲ್ಲಕ್ಕಿಂತ ಅಪಾಯ, "ಫುಸ್" ಎಂಬ ಸಪ್ಪೆ ಸದ್ದು. ಗುಂಡು ಬ್ಯಾರಲಿನಲ್ಲೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ಬ್ಯಾರಲ್ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ಅಲ್ಲಿಗೇ ನಿಲ್ಲಿಸಿ, ಖಾಲಿ ಮಾಡಿ, ಬಿಚ್ಚಿ, ಬ್ಯಾರಲಿನೊಳಗೆ ಬೆಳಕು ಕಾಣುವ ತನಕ ಮುಂದಿನ ಮಾತಿಲ್ಲ.

ಸ್ಪ್ರಿಂಗ್ ಕತ್ತರಿಸಿ ಟ್ರಿಗರ್ ಹಗುರ ಮಾಡಿಸಬಹುದಾ?

ಬೇಡ. ಸ್ಪ್ರಿಂಗ್ ಕತ್ತರಿಸಿದರೆ ಪ್ರೈಮರ್ ಸರಿಯಾಗಿ ಹೊಡೆಯದೆ ಹೋಗುತ್ತದೆ, ಸಿಯರ್ (ಟ್ರಿಗರ್ ಒತ್ತುವ ತನಕ ಹೊಡೆತವನ್ನು ತಡೆದಿಡುವ ಕೊಕ್ಕೆ) ಉಜ್ಜಿದರೆ ಕೆಳಗೆ ಬಿದ್ದಾಗ ತಾನಾಗಿ ಹಾರಬಹುದು. ಡಮ್ಮಿ ರೌಂಡ್ ಹಾಕಿ ಐನೂರು ಸಲ ಒಣ ಅಭ್ಯಾಸ ಮಾಡಿ. ಟ್ರಿಗರೂ ನುಣುಪಾಗುತ್ತದೆ, ಬೆರಳೂ ಪಳಗುತ್ತದೆ.

ಅಭ್ಯಾಸ ಎಲ್ಲಿ ಮಾಡೋದ್ರಿ?

ಹೊಲದಲ್ಲಂತೂ ಅಲ್ಲ. ಕ್ಲಬ್ಬಿಗೆ ಸೇರುವ ಮೊದಲು ಒಂದು ಪ್ರಶ್ನೆ ಕೇಳಿ: ಇಲ್ಲಿ .32 ಹೊಡೆಯಲು ಪರವಾನಗಿ ಇದೆಯೇ, ಬರೀ ಏರ್ ಗನ್ನಿಗೋ? ಊರೊಳಗಿನ ಒಳಾಂಗಣ ರೇಂಜುಗಳು ಬಹುತೇಕ 10 ಮೀಟರ್ ಏರ್ ಪಿಸ್ತೂಲಿನವು. ಅದೂ ನಷ್ಟವಲ್ಲ. 20 ಜೂಲ್ ಒಳಗಿನ, .177 ಬೋರಿನ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ, ಪೆಲೆಟ್ ಅಗ್ಗ, ಕೋಟಾ ಇಲ್ಲ. ಸೈಟ್ ಹೊಂದಿಸುವುದು, ಟ್ರಿಗರ್ ಒತ್ತುವುದು ಅಲ್ಲಿ ಕಲಿತು, .32ರ ದುಬಾರಿ ಗುಂಡನ್ನು ಒದೆತಕ್ಕೆ ಹೊಂದಿಕೊಳ್ಳಲು, ಅಡಚಣೆ ಬಿಡಿಸಲು ಮಾತ್ರ ಖರ್ಚುಮಾಡಿ. ಸ್ಪರ್ಧೆಯ ಆಸೆಯಿದ್ದರೆ .32 ಎಸಿಪಿ ನಂಬಿ ಕೂರಬೇಡಿ, ಅಲ್ಲಿ .22 ಬೇಕಾಗುತ್ತದೆ.

ರೇಂಜಿನಲ್ಲಿ ಎಲೆ-ಅಡಿಕೆ, ಗುಟ್ಕಾ ಬಾಯಿಗೆ ಹಾಕುವಂತಿಲ್ಲ. ಪ್ರೈಮರ್ ಹೊಗೆಯಲ್ಲಿ, ಗುಂಡಿನ ಧೂಳಿನಲ್ಲಿ ಸೀಸ ಇರುತ್ತದೆ, ಕೈಯಿಂದ ಬಾಯಿಗೆ ಸೀದಾ ದಾರಿ. ಗಿರ್ಮಿಟ್-ಮಿರ್ಚಿಗೆ ಹೋಗುವ ಮೊದಲು ಸಾಬೂನು ಹಚ್ಚಿ ತಣ್ಣೀರಲ್ಲಿ ಕೈ ತೊಳೆಯಿರಿ.

ಹೊಲದ ಮನ್ಯಾಗ ಇರ್ತೀವ್ರಿ. ಹಂದಿ ಕಾಟಕ್ಕೂ ಆಗತೈತೇನ್ರಿ?

ಆಗುವುದಿಲ್ಲ. .32 ಗುಂಡು ಕಾಡುಹಂದಿಯನ್ನು ಗಾಯಗೊಳಿಸಿ ಸಿಟ್ಟಿಗೆಬ್ಬಿಸುತ್ತದೆ, ಅಷ್ಟೇ. ಜೊತೆಗೆ ಹಂದಿ ವನ್ಯಜೀವಿ ಕಾಯ್ದೆಯಡಿ ಬರುವ ಪ್ರಾಣಿ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೊಡೆದರೆ ಬೇರೆಯೇ ಕೇಸು. ಬೆಳೆ ರಕ್ಷಣೆಯ ಲೈಸೆನ್ಸು ಉದ್ದ ಬಂದೂಕಿಗೆ ಕೊಡುವಂಥದ್ದು.

ಹಳೇದು ತಗೊಂಡ್ರ ನಡೀತೈತೇನ್ರಿ?

ನಡೆಯುತ್ತದೆ, ಕಾಗದ ಸರಿ ಇದ್ದರೆ. ಖಾಸಗಿ ಲೈಸೆನ್ಸುದಾರರಿಂದ ಕೊಳ್ಳುವುದಾದರೆ, ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಕೊಳ್ಳುವವರ ಹೆಸರು, ವಿಳಾಸದೊಂದಿಗೆ ಬರೆದು ತಿಳಿಸಿ 45 ದಿನ ಕಳೆದಿರಬೇಕೆಂದು ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಹೇಳುತ್ತದೆ. ಅಡ್ವಾನ್ಸ್ ಕೊಟ್ಟು ಪಿಸ್ತೂಲು ಮನೆಗೆ ತಂದು ಆಮೇಲೆ ಕಾಗದ ಮಾಡಿಸುವುದು ಅಪರಾಧ. 2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡೇ ಬಂದೂಕು. ಅಜ್ಜನ ಜೋಡಿನಳಿಗೆ ಈಗಾಗಲೇ ನಿಮ್ಮ ಹೆಸರಿಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಕಾಗದ ಬೇಡದ, "ಕಂಟ್ರಿ" ಎಂದು ಮೆಲ್ಲಗೆ ಹೇಳುವ ಮಾಲಿನ ಹತ್ತಿರ ಸುಳಿಯಬೇಡಿ. ಜೈಲು ಒಂದು ಕಡೆ, ಕೈಯಲ್ಲೇ ಒಡೆಯುವ ಬ್ಯಾರಲ್ ಇನ್ನೊಂದು ಕಡೆ.

ಲೈಸೆನ್ಸ್ ಎಲ್ಲಿ?

ಹುಬ್ಬಳ್ಳಿ-ಧಾರವಾಡ ಕಮಿಷನರೇಟ್ ವ್ಯಾಪ್ತಿಯವರು ನವನಗರದ ಪೊಲೀಸ್ ಆಯುಕ್ತರ ಕಚೇರಿಗೆ, ಉಳಿದ ಧಾರವಾಡ ಜಿಲ್ಲೆ, ಗದಗ, ಹಾವೇರಿಯವರು ಆಯಾ ಜಿಲ್ಲಾಧಿಕಾರಿ ಕಚೇರಿಗೆ. ವಯಸ್ಸು 21 ತುಂಬಿರಬೇಕು. ಅವಧಿ ಈಗ 5 ವರ್ಷ. ಉದ್ದೇಶದ ಕಾಲಂನಲ್ಲಿ ರಕ್ಷಣೆಯೋ, ಕ್ರೀಡೆಯೋ ಎಂಬುದನ್ನು ಅರ್ಜಿ ಹಾಕುವಾಗಲೇ ಸರಿಯಾಗಿ ಬರೆಸಿ.

ಚೇಂಬರಿನಲ್ಲಿ ಗುಂಡು ಹಾಕಿಟ್ಟುಕೊಳ್ಳಬಹುದೇ?

ನೂರು ವರ್ಷದ ಹಿಂದಿನ ವಿನ್ಯಾಸದ ಮೇಲೆ ಬಂದ ಅಗ್ಗದ .32ಗಳಲ್ಲಿ, ಕೆಳಗೆ ಬಿದ್ದರೆ ಮೊಳೆಯನ್ನು ತಡೆಯುವ ಪ್ರತ್ಯೇಕ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಕೈಪಿಡಿಯಲ್ಲಿ ಅದು ಇದೆಯೆಂದು ಸ್ಪಷ್ಟವಾಗಿ ಬರೆದಿಲ್ಲವಾದರೆ ಚೇಂಬರ್ ಖಾಲಿ ಇರಲಿ. ಸ್ಲೈಡ್ ಎಳೆಯಲು ಬೇಕಾಗುವ ಒಂದು ಕ್ಷಣವನ್ನು ಅಭ್ಯಾಸದಿಂದ ಗಳಿಸಿಕೊಳ್ಳಬೇಕು. ಮಕ್ಕಳಿರುವ ಮನೆಯಲ್ಲಿ ಪಿಸ್ತೂಲು ಲಾಕರಿನಲ್ಲಿ, ಕಾಡತೂಸು ಬೇರೆ ಕೀಲಿಯಲ್ಲಿ. ದಿಂಬಿನ ಕೆಳಗೆ, ಗಾದಿಯ ಮಡಿಕೆಯಲ್ಲಿ, ದೇವರ ಕೋಣೆಯ ಮಾಡದಲ್ಲಿ ಇಡುವ ರೂಢಿ ಬಿಡಿ.

ಮಳೆಗಾಲ, ಎರೆಮಣ್ಣಿನ ಧೂಳು: ಹೇಗೆ ಕಾಪಾಡುವುದು?

ಧಾರವಾಡದ ಜೂನ್‌ನಿಂದ ಸೆಪ್ಟೆಂಬರಿನ ತಂಪಿಗೆ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಬೇಕು. ಬೆರಳಿನ ಬೆವರಿನ ಗುರುತಿನ ಮೇಲೇ ಮೊದಲ ತುಕ್ಕು ಏಳುವುದು. ಚರ್ಮದ ಹೋಲ್‌ಸ್ಟರಿನಲ್ಲಿ ಇಟ್ಟೇ ಲಾಕರಿಗೆ ಹಾಕಬೇಡಿ, ಚರ್ಮ ಹಸಿ ಹಿಡಿದಿಡುತ್ತದೆ. ಲಾಕರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಎರಡು ತಿಂಗಳಿಗೊಮ್ಮೆ ಬದಲಿಸಿ.

ನರಗುಂದ, ರೋಣದ ಕಡೆಯ ಬೇಸಗೆಯ ಎರೆಧೂಳಿಗೆ ಉಪಾಯ ಬೇರೆ. ಎಣ್ಣೆ ಹೆಚ್ಚಾದಷ್ಟೂ ಧೂಳು ಅಂಟಿ ಅರೆಯುವ ಕಲ್ಕದಂತಾಗುತ್ತದೆ. ಜಾರುಗಾಲುವೆಗೆ ಒಂದೊಂದು ಹನಿ, ಬ್ಯಾರಲಿನ ಹೊರಮೈಗೆ ತೆಳು ಲೇಪ, ಮೊಳೆಯ ದಾರಿಗೆ ಏನೂ ಬೇಡ. ಬಂದೂಕಿನ ಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ತಾತ್ಕಾಲಿಕಕ್ಕೆ ಆದೀತು. ಅಡುಗೆಮನೆಯದು ಆಗದು: ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುತ್ತದೆ, ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ. ಹೊಡೆದ ದಿನವೇ ಬ್ಯಾರಲನ್ನು ಹಿಂಬದಿಯಿಂದ ಬ್ರಷ್ ಮಾಡಿ, ಬಿಳಿ ಬಟ್ಟೆ ಬಿಳಿಯಾಗೇ ಬರುವ ತನಕ ಎಳೆಯಿರಿ. ಕಾಡತೂಸಿಗೆ ಎಣ್ಣೆ ಸೋಕಿಸಬಾರದು, ಪ್ರೈಮರಿನೊಳಗೆ ಇಳಿದರೆ ಅದು ಸತ್ತಂತೆಯೇ.

ಚುನಾವಣೆಯಲ್ಲಿ ಠಾಣೆಗೆ ಜಮಾ ಮಾಡಲು ಹೇಳಿದರೆ?

ಜಮಾ ಮಾಡಿ, ಪಿಸ್ತೂಲಿನ ನಂಬರ್, ಮ್ಯಾಗಜಿನ್ ಎಷ್ಟು, ಕಾಡತೂಸು ಎಷ್ಟು ಎಂದು ಬರೆದ ರಸೀದಿ ಪಡೆಯಿರಿ. ಕೊಡುವ ಮೊದಲು ಮಾಮೂಲಿಗಿಂತ ತುಸು ಹೆಚ್ಚು ಎಣ್ಣೆ ಹಚ್ಚಿ, ಎಣ್ಣೆ ಕಾಗದದಲ್ಲಿ ಸುತ್ತಿ. ವಾಪಸ್ ತಂದ ದಿನ ಬಿಚ್ಚಿ ನೋಡದೆ ಗುಂಡು ತುಂಬಬೇಡಿ.

ಮನೆಗೆ ಕಳ್ಳ ನುಗ್ಗಿದರೆ ಹೊಡೆಯಬಹುದೇ?

ಪಿಸ್ತೂಲಿನ ಲೈಸೆನ್ಸು ಹೊಡೆಯುವ ಲೈಸೆನ್ಸಲ್ಲ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳಲ್ಲಿದೆ. 2024ರ ಜುಲೈ 1ಕ್ಕೆ ಮೊದಲು ಇವೇ ಐಪಿಸಿಯ 96ರಿಂದ 106. 37ನೇ ಕಲಂ ಎರಡು ಗೆರೆ ಎಳೆಯುತ್ತದೆ: ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕಿಲ್ಲ, ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ನಿಜವಾದ ಭಯವಿರುವಂಥ ಸಂದರ್ಭಗಳನ್ನು 38ನೇ ಕಲಂ ಪಟ್ಟಿಮಾಡುತ್ತದೆ. ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಮನೆ ಒಡೆದು ನುಗ್ಗುವುದು 41ನೇ ಕಲಮಿನಲ್ಲಿ ಬರುತ್ತದೆ, ಆದರೆ ಅದಕ್ಕೂ 37ರ ಮಿತಿ ಅನ್ವಯ. ಹಿತ್ತಲ ಗೋಡೆ ಹಾರಿ ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಆರೋಪಿ ನೀವೇ. ಬಾಗಿಲು ಭದ್ರ ಮಾಡಿ, ಮನೆಯವರನ್ನು ಒಂದು ಕೋಣೆಗೆ ಸೇರಿಸಿ, 112ಕ್ಕೆ ಫೋನ್ ಮಾಡುವುದೇ ಮೊದಲ ಕೆಲಸ.

ಮದುವೆ ಮೆರವಣಿಗೆ, ಆಯುಧಪೂಜೆಗೆ ಒಂದು ಸುತ್ತು ಗಾಳಿಯಲ್ಲಿ ಹಾರಿಸಿದರೆ?

ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಲೈಸೆನ್ಸೂ ಹೋಗಬಹುದು. ಓರೆಯಾಗಿ ಹಾರಿಸಿದ .32 ಗುಂಡು ಕಿಲೋಮೀಟರಿನಷ್ಟು ದೂರ ಹೋಗಿ ಯಾರದೋ ಅಂಗಳದಲ್ಲಿ ಬೀಳುತ್ತದೆ. ಪೂಜೆಗೆ ಇಡುವುದಾದರೆ ಮ್ಯಾಗಜಿನ್ ತೆಗೆದು, ಚೇಂಬರ್ ನೋಡಿ, ಸ್ಲೈಡ್ ತೆರೆದಿಟ್ಟು ಇಡಿ. ಕುಂಕುಮ, ನೀರು ತಗುಲಿದ್ದರೆ ಅಂದೇ ಒರೆಸಿ, ಕುಂಕುಮದ ಪುಡಿ ಜಾರುಗಾಲುವೆಗೆ ಇಳಿದರೆ ಬಿಚ್ಚಿಯೇ ತೆಗೆಯಬೇಕು.